ಚೀಟಿಯ ನಾಲ್ಕನೆಯ ಸಾಲು

ಇದನ್ನು ಹೇಳುವುದನ್ನು ಮೂವತ್ತು ವರ್ಷ ಮುಂದೂಡಿದ್ದೇನೆ. ನಿವೃತ್ತಿ ಆಗಲಿ ಎಂದೆ, ಮಗನ ಮದುವೆ ಆಗಲಿ ಎಂದೆ. ಈಗ ಮೊಮ್ಮಗಳು ಅಂಗಳದಲ್ಲಿ ಓಡಾಡುತ್ತಾಳೆ. ಸಂತೋಷವಾಗಿದ್ದೇನೆ; ಇನ್ನು ನೆವವಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಜೇವರ್ಗಿ ತಾಲ್ಲೂಕಿನಲ್ಲಿ ಮಲೇರಿಯಾ ಕೆಲಸಗಾರ. ಓದಿದ್ದು ಎಸ್ಸೆಸ್ಸೆಲ್ಸಿ. ನೆಲೋಗಿಯ ಸುತ್ತ ಸೈಕಲ್ ಮೇಲೆ ತಿರುಗಿ, ಜ್ವರ ಬಂದವರ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿಗೆ ಸವರಿ ತರುತ್ತಿದ್ದೆ. ಅಷ್ಟಕ್ಕೇ ಮನೆಯವರು ರಕ್ತದ ವಿಷಯದಲ್ಲಿ ನನ್ನ ಮಾತೇ ಕೊನೆ ಎಂದು ನಂಬಿದ್ದರು.

ಅವ್ವನ ಹಟಕ್ಕೆ ಅಕ್ಕನ ಮಗಳನ್ನೇ ಮದುವೆಯಾಗಿದ್ದೆ. ನಮ್ಮಲ್ಲಿ ಅದು ರೂಢಿ. ಮೊದಲ ಹೆಣ್ಣುಕೂಸು ದಿನದಿನಕ್ಕೆ ಬಿಳಿಚಿಕೊಂಡು, ಎರಡು ವರ್ಷ ತುಂಬುವ ಮೊದಲೇ ಹೋಯಿತು. ಹೆಂಡತಿ ಮತ್ತೆ ಬಸುರಿಯಾದಾಗ ಕಲಬುರಗಿಯ ವೈದ್ಯರೊಬ್ಬರು ನನ್ನ, ಹೆಂಡತಿಯ, ಅಕ್ಕನ ಮತ್ತು ಅಕ್ಕನ ಗಂಡನ ರಕ್ತವನ್ನು ಮುಂಬೈಗೆ ಕಳಿಸಿದರು.

ಚೀಟಿ ಬಂದಾಗ ಅವರು ನನ್ನೊಬ್ಬನನ್ನೇ ಕರೆದು ಬಿಡಿಸಿ ಹೇಳಿದರು. ರಕ್ತಕ್ಕೆ ಕೆಂಪು ಕೊಡುವ ಪದಾರ್ಥ ಹೇಗೆ ತಯಾರಾಗಬೇಕೆಂಬ ಬರಹ ನಮ್ಮ ಜೀವಕೋಶದೊಳಗೆ ಎರಡು ಪ್ರತಿ ಇರುತ್ತದೆ. ಒಂದು ತಾಯಿಯಿಂದ, ಒಂದು ತಂದೆಯಿಂದ. ಒಂದು ಕೆಟ್ಟಿದ್ದರೆ ಬದುಕು ನಡೆಯುತ್ತದೆ. ಎರಡೂ ಕೆಟ್ಟರೆ ಮೈಯಲ್ಲಿ ಸಾಕಷ್ಟು ರಕ್ತ ತಯಾರಾಗದು. ಮೊದಲ ಮೂವರಲ್ಲೂ ಒಂದೊಂದು ಕೆಟ್ಟ ಪ್ರತಿ ಇತ್ತು. ನಾಲ್ಕನೆಯ ಸಾಲಿನಲ್ಲಿ, ಅಕ್ಕನ ಗಂಡನ ಹೆಸರಿನ ಮುಂದೆ ಮಾತ್ರ, ದೋಷವಿಲ್ಲ ಎಂದಿತ್ತು.

ಹೊಟ್ಟೆಯಲ್ಲಿರುವಾಗಲೇ ಮಗುವನ್ನು ಪರೀಕ್ಷಿಸಬಹುದೆಂದರು. ಮುಂಬೈಗೆ ಹೋದೆವು. ಮಗುವಿಗೆ ಆ ರೋಗವಿಲ್ಲವೆಂದು ತಿಳಿದ ದಿನ, ಮರಳುವ ರೈಲಿನಲ್ಲಿ ಸೊಲ್ಲಾಪುರದವರೆಗೂ ಹೆಂಡತಿ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಮಾಡಿದಳು.

ಮನೆಗೆ ಬಂದ ಕೂಡಲೇ ಅವ್ವ ಕೇಳಿದಳು: "ದೋಷ ಯಾರದಂತಲೇ? ನಮ್ಮ ಮನಿದಂತೂ ಅಲ್ಲ, ಹೌದಿಲ್ಲೋ?"

ಮೊಮ್ಮಗಳನ್ನು ಹಟ ಹಿಡಿದು ಸೊಸೆ ಮಾಡಿಕೊಂಡವಳು ಅವಳೇ. ಅವಳ ಮುಖ ನೋಡಿ ಹೇಳಿಬಿಟ್ಟೆ: "ಅಲ್ಲಬೇ ಅವ್ವ. ಅಫಜಲಪುರದ ಕಡಿಂದ ಬಂದದ."

ಅಫಜಲಪುರ ಎಂದರೆ ಅಕ್ಕನ ಗಂಡ, ನನ್ನ ಮಾವ. ನಾಲ್ವರಲ್ಲಿ ಹೊರಗಿನ ರಕ್ತ ಅವರೊಬ್ಬರದೇ.

ಗಂಡುಕೂಸು ಹುಟ್ಟಿತು. ಅದನ್ನು ತೊಟ್ಟಿಲಿಗೆ ಹಾಕುವ ದಿನ ಮಾವ ಬಸ್ಸಿನ ಮೇಲೆ ಕಬ್ಬಿನ ಹೊರೆ ಹಾಕಿಸಿಕೊಂಡು ಬಂದರು. ಅವ್ವ ಬಾಗಿಲಲ್ಲೇ ಅಂದಳು: "ಬರ್ರಿ ಅಳಿಯಾರ, ಜರಾ ದೂರ ಕೂಡ್ರಿ. ನಿಮ್ಮ ರಕ್ತ ಒಂದು ಕೂಸಿನ್ನ ನುಂಗ್ಯದ."

"ಹೌದ್ರಿ ಅತ್ತಿ, ಕಬ್ಬು ತಿಂದು ತಿಂದು ನನ್ನ ರಕ್ತ ಕೆಟ್ಟದ. ಕಬ್ಬರೇ ಒಳಗ ತಗೋರಿ, ಅದು ಛಲೋ ಅದ" ಎಂದರು ಮಾವ. ಹೆಂಗಸರೆಲ್ಲ ನಕ್ಕರು.

ಅಕ್ಕ ಕೂಸನ್ನು ಮುಂದೆ ಹಿಡಿದಳು. ಮಾವ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. "ಬ್ಯಾಡಬೇ, ಇಲ್ಲಿಂದಾ ನೋಡ್ತೇನಿ. ಇವಗ ಏನೂ ಆಗಬಾರದು."

ನಾನು ಸಕ್ಕರೆ ಹಂಚುತ್ತಿದ್ದೆ. ಹಂಚುತ್ತಲೇ ಇದ್ದೆ.

ಮಗ ಗಟ್ಟಿಮುಟ್ಟಾಗಿ ಬೆಳೆದ. ಮಾವ ಬಂದಾಗಲೆಲ್ಲ ಕಬ್ಬಿನ ಜಲ್ಲೆಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟು, ಇನ್ನೊಂದು ತುದಿ ತಾವು ಹಿಡಿದು ಓಣಿಯಲ್ಲಿ ನಡೆಸುತ್ತಿದ್ದರು. ಇಬ್ಬರೂ ನಗುತ್ತಿದ್ದರು. ಒಮ್ಮೆಯೂ ಅವನನ್ನು ಎತ್ತಿಕೊಳ್ಳದೆಯೇ ಮಾವ ತೀರಿಕೊಂಡರು.

ಮೊನ್ನೆ ಟ್ರಂಕಿನಿಂದ ಚೀಟಿ ತೆಗೆದು ಹೆಂಡತಿಗೆ ಓದಿ ಹೇಳಿದೆ. ನಾಲ್ಕನೆಯ ಸಾಲನ್ನು ಅವಳು ಇನ್ನೊಮ್ಮೆ ಓದಿಸಿದಳು. ಆಮೇಲೆ ಅಂಗಳಕ್ಕೆ ಹೋಗಿ ಮೊಮ್ಮಗಳನ್ನು ಎತ್ತಿಕೊಂಡಳು. ನಾನು ತಪ್ಪಾಯಿತು ಎನ್ನಬೇಕಾಗಿದ್ದುದು ಆ ಸಾಲಿನವರಿಗೆ: ಅವಳ ಅಪ್ಪನಿಗೆ, ನನ್ನ ಮಾವನಿಗೆ.