ಕೃಷ್ಣಪ್ಪನವರ ಎರಡು ಸ್ಪ್ರಿಂಗ್

ಕೊರೋನಾ ಕಳೆದ ಮರುವರ್ಷದ ಮಾತು. ಬಂಗಾರಪೇಟೆಯ ಕೆಜಿಎಫ್ ರಸ್ತೆಯಲ್ಲಿರುವ ನನ್ನ ಎಂಜಿನ್ ವರ್ಕ್‌ಶಾಪಿಗೆ ಆಗ ಇಪ್ಪತ್ತಾರು ವರ್ಷ ತುಂಬಿತ್ತು. ಬೈಕ್ ಎಂಜಿನ್ನುಗಳನ್ನು ರೇಸಿಗೆ ಹದ ಮಾಡಿಕೊಡುವುದರಲ್ಲಿ ನಾರಾಯಣಸ್ವಾಮಿಯದು ಎತ್ತಿದ ಕೈ ಎಂದು ಹೊಸೂರಿನವರೆಗೂ ಹೆಸರಿತ್ತು. ಆ ಹೆಸರು ನನ್ನ ತಲೆಗೂ ಏರಿತ್ತೆಂದು ಮೊದಲೇ ಹೇಳಿಬಿಡುತ್ತೇನೆ.

ಆ ಬೇಸಿಗೆಯಲ್ಲಿ ಚಂದ್ರಕಲಾ ತನ್ನ ಹಳೆಯ ಮುನ್ನೂರೈವತ್ತು ಸಿಸಿ ಬೈಕ್ ತಂದಳು. ದಿನಾ ಬೆಳಗಿನ ಟ್ರೇನಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹುಡುಗಿ. ಭಾನುವಾರ ಮಾತ್ರ ಬೈಕಿನ ಮೇಲೆ ಗಾಳಿಗೆ ಹುಟ್ಟಿದವಳು. ಸ್ವಂತ ಗಾಡಿಯಲ್ಲಿ ಓಡಿಸಿ ಮೊದಲ ಎರಡು ಸ್ಥಾನಗಳಲ್ಲಿ ಬಂದರೆ ಸಂಬಳ ಕೊಟ್ಟು ಸೇರಿಸಿಕೊಳ್ಳುವುದಾಗಿ ಒಂದು ರೇಸಿಂಗ್ ತಂಡ ಅವಳಿಗೆ ಹೇಳಿತ್ತು. ಇದ್ದದ್ದು ಅದೊಂದೇ ಅವಕಾಶ. ರೇಸ್ ಕ್ಯಾಮ್‌ಶಾಫ್ಟ್ ಹಾಕೋಣ ಎಂದು ಸಲಹೆ ಕೊಟ್ಟವನು ನಾನೇ.

ಕ್ಯಾಮ್‌ಶಾಫ್ಟ್ ಎಂದರೆ ಎಂಜಿನ್ನಿನ ಉಸಿರಾಟ ನಡೆಸುವ ಸರಳು. ಅದರ ಮೇಲಿನ ಉಬ್ಬು ತಿರುಗುತ್ತ ಪುಷ್‌ರಾಡ್ ಎಂಬ ಕಡ್ಡಿಯನ್ನು ಎತ್ತುತ್ತದೆ, ವಾಲ್ವ್ ತೆರೆಯುತ್ತದೆ. ಅದನ್ನು ಮತ್ತೆ ಮುಚ್ಚುವುದು ಸ್ಪ್ರಿಂಗ್. ರೇಸ್ ಕ್ಯಾಮ್‌ನ ಉಬ್ಬು ಎತ್ತರವಾದ್ದರಿಂದ ವಾಲ್ವ್ ಇನ್ನಷ್ಟು ಆಳಕ್ಕೆ ತೆರೆಯುತ್ತದೆ, ಸ್ಪ್ರಿಂಗ್ ಇನ್ನಷ್ಟು ಕುಗ್ಗುತ್ತದೆ. ವಾಲ್ವ್ ಪೂರ್ತಿ ತೆರೆದಾಗಲೂ ಸ್ಪ್ರಿಂಗಿನ ಸುರುಳಿಗಳ ನಡುವೆ ಒಟ್ಟು ಒಂದು ಮಿಲಿಮೀಟರಿನಷ್ಟಾದರೂ ಸಂದು ಉಳಿಯಬೇಕು. ಇಲ್ಲವಾದರೆ ವೇಗದಲ್ಲಿ ಸುರುಳಿಗಳು ಒಂದಕ್ಕೊಂದು ಕಚ್ಚಿ ಸ್ಪ್ರಿಂಗ್ ಕೊಳವೆಯಂತೆ ಗಟ್ಟಿಯಾಗುತ್ತದೆ, ಪುಷ್‌ರಾಡ್ ಬಾಗುತ್ತದೆ. ಅದಕ್ಕೇ ಕ್ಯಾಮ್ ಒಂದನ್ನೇ ಬದಲಿಸುವಂತಿಲ್ಲ; ಸ್ಪ್ರಿಂಗ್, ಪುಷ್‌ರಾಡ್ ಎಲ್ಲವನ್ನೂ ಅದಕ್ಕೆ ಹೊಂದುವಂತೆ ಆರಿಸಬೇಕು. ಹೊಂದುವ ಸ್ಪ್ರಿಂಗುಗಳನ್ನು ನಾನು ತರಿಸಿಯೂ ಇದ್ದೆ.

ಜೋಡಿಸುವ ದಿನ ಚಂದ್ರಕಲಾಳ ತಂದೆ ಕೃಷ್ಣಪ್ಪನವರು ಬಂದರು. ಕೆಜಿಎಫ್ ಚಿನ್ನದ ಗಣಿಯ ಮೈಸೂರು ಮೈನ್ಸ್‌ನಲ್ಲಿ ಫಿಟ್ಟರ್ ಆಗಿದ್ದವರು. ಎಣ್ಣೆ ಬಟ್ಟೆಯಲ್ಲಿ ಸುತ್ತಿದ್ದ ಎರಡು ಸ್ಪ್ರಿಂಗುಗಳನ್ನು ಮೇಜಿನ ಮೇಲಿಟ್ಟರು. ಗಣಿಯ ಹರಾಜಿನಲ್ಲಿ ಕೊಂಡು ಟ್ರಂಕಿನಲ್ಲಿ ಜೋಪಾನ ಮಾಡಿದ್ದ ಸಾಮಾನಿನವು.

"ಇದು ಮೈನ್ಸ್ ಸ್ಟೀಲು ಸ್ವಾಮಣ್ಣ. ನನ್ ಮಗಳ ಗಾಡೀಲಿ ಓಡ್ಲಿ ಅಂತ ಒಂದಾಸೆ," ಅಂದರು.

ನಮ್ಮ ಕಡೆ ಈಳಿಗೆಮಣೆಯ ಅಲಗು ಚೆನ್ನಾಗಿ ಹೆಚ್ಚಿದರೂ ಅದು ಮೈನ್ಸ್ ಸ್ಟೀಲೇ ಇರಬೇಕು ಅನ್ನುತ್ತಾರೆ. ಆ ನಂಬಿಕೆಯಲ್ಲೇ ಬೆಳೆದವನು ನಾನು. ಅವರ ಸಂತೋಷವನ್ನು ಕೆಡಿಸಲು ಮನಸ್ಸಾಗಲಿಲ್ಲ, ಗಟ್ಟಿ ಸ್ಪ್ರಿಂಗ್ ಆದರೆ ಒಳ್ಳೆಯದೇ ಎಂಬ ಸೋಮಾರಿ ಲೆಕ್ಕವೂ ಸೇರಿಕೊಂಡಿತು. ಕೂರುವ ಜಾಗವನ್ನು ಲೇತಿನಲ್ಲಿ ಸರಿ ಮಾಡಿ ಅವನ್ನೇ ಹಾಕಿದೆ. ಎಂಜಿನ್ನನ್ನು ಕೈಯಿಂದ ತಿರುಗಿಸಿದಾಗ ಎಲ್ಲೂ ತಡೆಯಲಿಲ್ಲ. ಸುರುಳಿಯ ಸಂದನ್ನು ಅಳೆಯುವುದೊಂದು ಬಾಕಿ ಇತ್ತು. ಫೋನ್ ಬಂತೆಂದು ವಾಲ್ವ್ ಕವರ್ ಮುಚ್ಚಿ ಹೊರಗೆ ಹೋದೆ.

ತಿರುಗಿ ಬರುವಷ್ಟರಲ್ಲಿ ಕೃಷ್ಣಪ್ಪನವರು ಪೂಜೆ ಮುಗಿಸಿದ್ದರು. ಎಂಜಿನ್ನಿಗೆ ಕುಂಕುಮ, ಹ್ಯಾಂಡಲಿಗೆ ಹೂವು, ಚಕ್ರದಡಿ ನಿಂಬೆಹಣ್ಣು. ಪೂಜೆಯಾದ ಗಾಡಿಯನ್ನು ಓಡಿಸುವ ಮೊದಲೇ ಬಿಚ್ಚುವುದು ಅಪಶಕುನ. ನಮ್ಮ ಕಸುಬಿನಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಸಂದು ಅಳೆಯಲು ಕೈಯಲ್ಲಿ ಹಿಡಿದಿದ್ದ ಫೀಲರ್ ಗೇಜನ್ನು ಡಬ್ಬಕ್ಕೆ ಹಾಕಿದೆ. ಮೈನ್ಸ್ ಸ್ಟೀಲು ತಾನೇ, ತಡೆಯುತ್ತದೆ ಎಂದುಕೊಂಡೆ.

ಹೊಸೂರಿನ ಆಚೆಯ ಟ್ರ್ಯಾಕಿನಲ್ಲಿ ರೇಸು. ಕೊನೆಯ ಸುತ್ತಿನವರೆಗೂ ಚಂದ್ರಕಲಾಳೇ ಮುಂದಿದ್ದಳು. ಬೇಲಿಯ ಪಕ್ಕದಲ್ಲಿ ಕೃಷ್ಣಪ್ಪನವರು ನನ್ನ ತೋಳು ಹಿಡಿದುಕೊಂಡೇ ನಿಂತಿದ್ದರು. ಕೊನೆಯ ತಿರುವು ದಾಟಿ ಅವಳು ಥ್ರಾಟಲ್ ಪೂರ್ತಿ ತಿರುವಿದಾಗ ಒಂದು ಲೋಹದ ಸದ್ದಾಯಿತು, ಎಂಜಿನ್ ಸತ್ತಿತು. ಅವಳು ಗಾಡಿ ತಳ್ಳಿಕೊಂಡು ಬರುವಷ್ಟರಲ್ಲಿ ಉಳಿದವರೆಲ್ಲ ಗೆರೆ ದಾಟಿದ್ದರು. ಅವಳು ಹೆಲ್ಮೆಟ್ ತೆಗೆಯಲೇ ಇಲ್ಲ.

ಆ ಸದ್ದು ಕೇಳಿದ ಕ್ಷಣವೇ ನನಗೆ ಎಲ್ಲ ತಿಳಿದಿತ್ತು. ಆದರೆ ಕೃಷ್ಣಪ್ಪನವರು ತಂಡದವರ ಎದುರಿಗೇ ನನಗೆ ಕೈ ಮುಗಿದುಬಿಟ್ಟರು.

"ತಪ್ಪಾಯ್ತು ಸ್ವಾಮಣ್ಣ. ಹಳೇ ಮಾಲು ತಂದುಕೊಟ್ಟು ನಿಮ್ ಎಸ್ರೂ ಕೆಡಿಸ್ದೆ, ಮಗಳ ದಾರೀನೂ ಮುಚ್ದೆ."

ಅಲ್ಲ ಅನ್ನಬೇಕಿತ್ತು. ಸುತ್ತ ನನ್ನ ಗಿರಾಕಿಗಳಿದ್ದರು, ಹೆಸರು ಕೇಳಿ ಬಂದ ಹೊಸಬರಿದ್ದರು. "ಬಿಚ್ಚಿ ನೋಡೋಣ ಬಿಡಿ ಅಣ್ಣ" ಎಂದಷ್ಟೇ ಹೇಳಿದೆ. ಬಿಚ್ಚಿ ನೋಡುವಂಥದ್ದು ಅಲ್ಲಿ ಏನೂ ಇರಲಿಲ್ಲ. ಕೈ ಮುಗಿದ ಆ ಮನುಷ್ಯನ ಮರೆಯಲ್ಲಿ ನಿಂತು ನನ್ನ ಮಾನ ಉಳಿಸಿಕೊಂಡೆ. ಈಗ ನೆನೆದರೂ ಮೈ ಹಿಡಿಯಷ್ಟಾಗುತ್ತದೆ.

ಮರುದಿನ ಎಂಜಿನ್ನಿನ ಹೆಡ್ ಬಿಚ್ಚಿದೆ. ಪುಷ್‌ರಾಡ್ ಬಾಗಿತ್ತು. ಸ್ಪ್ರಿಂಗುಗಳಿಗೆ ಏನೂ ಆಗಿರಲಿಲ್ಲ. ಸುರುಳಿಗಳು ಒಂದಕ್ಕೊಂದು ಬಡಿದ ಕಡೆ ಮಾತ್ರ ಹೊಳೆಯುತ್ತಿದ್ದವು. ಗೇಜ್ ಇಟ್ಟು ನೋಡಿದರೆ ಸಂದು ಕೂದಲೆಳೆಯಷ್ಟು. ಸ್ಟೀಲು ಕೆಟ್ಟದ್ದಲ್ಲ, ಆ ಕ್ಯಾಮ್‌ಗೆ ಅದು ಹೊಂದುವುದಿಲ್ಲ, ಅಷ್ಟೇ. ಆರಿಸಿದವನು ನಾನು, ಅಳೆಯದೆ ಬಿಟ್ಟವನೂ ನಾನು. ಅವೆರಡನ್ನೂ ಎಣ್ಣೆ ಬಟ್ಟೆಯಲ್ಲಿ ಸುತ್ತಿಕೊಂಡು ಮಧ್ಯಾಹ್ನ ಕೆಜಿಎಫ್‌ನ ನಂದಿದುರ್ಗ ಮೈನ್ಸಿನ ಕಾರ್ಮಿಕರ ಲೈನಿನಲ್ಲಿದ್ದ ಅವರ ಮನೆಗೆ ಹೋದೆ.

ಕೃಷ್ಣಪ್ಪನವರು ಗೋಡೆಗೊರಗಿ ಕೂತಿದ್ದರು. ನಾನು ಎಲ್ಲವನ್ನೂ ಹೇಳಿದೆ, ಏನನ್ನೂ ಮುಚ್ಚಿಡಲಿಲ್ಲ. ಅವರು ಸ್ಪ್ರಿಂಗುಗಳನ್ನು ಮುಟ್ಟಲಿಲ್ಲ. ಉತ್ತರ ಕೊಟ್ಟವಳು ಅಂದು ಕೆಲಸಕ್ಕೆ ಹೋಗದಿದ್ದ ಚಂದ್ರಕಲಾ.

"ಇದನ್ನ ನಿನ್ನೆ ಅಲ್ಲೇ ಏಳ್ಬೇಕಿತ್ತಲ್ವಾ ಅಣ್ಣ. ಬೆಳಗ್ಗೇನೇ ಅಪ್ಪ ಟ್ರಂಕ್ ಸಮೇತ ಎಲ್ಲಾನೂ ಗುಜರಿಯವನಿಗೆ ಆಕ್ಬಿಟ್ರು."

ಗಣಿ ಮುಚ್ಚಿದ ಮೇಲೂ ಅವರು ಎಣ್ಣೆ ಹಚ್ಚಿ ಕಾಪಾಡಿದ ಅರ, ಸ್ಪ್ಯಾನರ್, ಮೈಕ್ರೋಮೀಟರ್, ಎಲ್ಲ ಹೋಗಿತ್ತು. ಊರಿಗಾಂನಿಂದ ಬಂಗಾರಪೇಟೆಯವರೆಗೆ ಒಂದೊಂದೇ ಗುಜರಿ ಅಂಗಡಿ ಹತ್ತಿ ಇಳಿದೆ. ಮಾಲು ತುಂಬಿದ ಲಾರಿ ಹೊರಟುಹೋಗಿತ್ತು.

ಆಮೇಲೆ ಸರಿಯಾದ ಸ್ಪ್ರಿಂಗ್, ಹೊಸ ಪುಷ್‌ರಾಡ್ ಹಾಕಿ ಗಾಡಿ ಕೊಟ್ಟೆ. ಚೆನ್ನಾಗಿ ಓಡುತ್ತದೆ. ತಂಡದವರು ಮತ್ತೆ ಕರೆಯಲಿಲ್ಲ. ಚಂದ್ರಕಲಾ ಈಗಲೂ ಅದೇ ಟ್ರೇನಿಗೆ ಹೋಗುತ್ತಾಳೆ.

ಅಂದಿನಿಂದ ನನ್ನ ಅಂಗಡಿಯಲ್ಲಿ ಸುರುಳಿಯ ಸಂದು ಅಳೆಯುವವರೆಗೆ ಯಾರೂ ಕುಂಕುಮ ಹಚ್ಚುವಂತಿಲ್ಲ. ಅದು ಕಸುಬಿನ ಪಾಠ, ಸುಲಭದ್ದು. ಇನ್ನೊಂದು ಪಾಠ, ತಪ್ಪು ಯಾರದೆಂದು ಗೊತ್ತಾದ ಗಳಿಗೆಯಲ್ಲೇ ಹೇಳಿಬಿಡಬೇಕೆಂಬುದು, ನನಗೆ ದಕ್ಕಿದ್ದು ಕೃಷ್ಣಪ್ಪನವರ ಟ್ರಂಕಿನ ಬೆಲೆಗೆ. ಅವರು ವಾಪಸ್ ತೆಗೆದುಕೊಳ್ಳದ ಆ ಎರಡು ಸ್ಪ್ರಿಂಗುಗಳು ನನ್ನ ಮೇಜಿನ ಮೇಲಿವೆ. ತಿಂಗಳಿಗೊಮ್ಮೆ ನಾನೇ ಅವಕ್ಕೆ ಎಣ್ಣೆ ಹಚ್ಚುತ್ತೇನೆ.