ಮಿಸ್ ಕಾಲ್ ಬಾರದ ಬಿಲ್ಡಿಂಗು

ಇವತ್ತು ಬೆಳಿಗ್ಗೆ ಮುನಿಸಿಪಾಲಿಟಿಯವರು ಬಂದು ನಮ್ಮ ಸೊಸೈಟಿಯ ಗೇಟಿನಿಂದ ಗಟಾರದವರೆಗೆ ಬ್ಲೀಚಿಂಗ್ ಪೌಡರ್ ಚೆಲ್ಲಿ ಹೋದರು. ನಿನ್ನೆಯ ಮಳೆಗೆ ನೀರು ನಿಂತಿತ್ತಲ್ಲ, ಅದಕ್ಕೆ. ಕಿಟಕಿ ಮುಚ್ಚಿದರೂ ವಾಸನೆ ಅಡುಗೆಮನೆಗೆ ಬಂತು. ಉಳಿದವರಿಗೆ ಅದು ಸ್ವಚ್ಛತೆಯ ವಾಸನೆಯಂತೆ. ನಾನು ಮಾತ್ರ ಒಲೆ ಆರಿಸಿ ಅಲ್ಲೇ ಕೂತೆ... ಆ ವಾಸನೆಯ ಹಿಂದೆಯೇ ನಮ್ಮ ಡಾಕ್ಟರು ಬರುತ್ತಾರೆ, ಬೈಯುತ್ತಾ.

ಅವರ ದವಾಖಾನೆ ಠಾಕುರ್ಲಿ ಸ್ಟೇಷನ್ನಿನ ಹತ್ತಿರ ಇತ್ತು. ನಮ್ಮ ಉಡುಪಿ ಕಡೆಯವರೇ. ಬೈಯದೆ ಮದ್ದು ಕೊಟ್ಟವರೇ ಅಲ್ಲ. ಚಹಾ ಜಾಸ್ತಿ ಕುಡಿದರೆ ಬೈಗುಳ, ಮಾತ್ರೆ ಅರ್ಧಕ್ಕೆ ಬಿಟ್ಟರೆ ಬೈಗುಳ. ಮದುವೆಯಾಗಿ ಡೊಂಬಿವಲಿಗೆ ಬಂದ ಹೊಸತರಲ್ಲಿ ನನಗೆ ಅವರನ್ನು ಕಂಡರೆ ಆಗುತ್ತಲೇ ಇರಲಿಲ್ಲ.

ಎರಡು ಸಾವಿರದ ಐದರ ಜುಲೈ ನೆರೆ ಬಂದಾಗ ಇವರು, ನನ್ನ ಗಂಡ, ಠಾಣೆ ಪಟ್ಟಣದ ಒಂದು ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿದ್ದರು. ನಮ್ಮ ಬಿಲ್ಡಿಂಗಿನಲ್ಲಿ ಮುಕ್ಕಾಲು ಪಾಲು ಹೋಟೆಲಿನವರೇ. ರೈಲು ನಿಂತಿತು. ಗಂಡಸರೆಲ್ಲ ಸೊಂಟಮಟ್ಟದ ನೀರಿನಲ್ಲಿ ಹಳಿಯುದ್ದಕ್ಕೂ ನಡೆದು ಮರುದಿನ ಮನೆ ಸೇರಿದರು. ಇವರ ಕಾಲಿನಲ್ಲಿ ಒಂದೇ ಚಪ್ಪಲಿ, ಇನ್ನೊಂದು ಕಾಲಿನ ಹಿಮ್ಮಡಿ ಸೀಳಿತ್ತು. ಜೀವಂತ ಬಂದರಲ್ಲ ಎಂದು ದೇವರಿಗೆ ದೀಪ ಹಚ್ಚಿದೆ. ಕಂಟಕ ಕಳೆಯಿತು ಎಂದುಕೊಂಡಿದ್ದೆ...

ಆಮೇಲೆ ಶುರುವಾಯಿತು ಇಲಿಜ್ವರ. ಇಲಿಯ ಮೂತ್ರ ಬೆರೆತ ನೀರು ಗಾಯಕ್ಕೆ ತಾಗಿದರೆ ಸಾಕಂತೆ. ಹಿಂದಿನ ಗಲ್ಲಿಯಲ್ಲಿ ಗಟ್ಟಿಮುಟ್ಟಾದ ಒಬ್ಬ ತರಕಾರಿಯವ ನೋಡನೋಡುತ್ತಲೇ ಹೋಗಿಬಿಟ್ಟ. ಊರಿಡೀ ಬ್ಲೀಚಿಂಗ್ ಪೌಡರು, ಊರಿಡೀ ಹೆದರಿಕೆ.

ಡಾಕ್ಟರ ದವಾಖಾನೆಗೂ ನೀರು ನುಗ್ಗಿ ಮದ್ದೆಲ್ಲ ಹಾಳಾಗಿತ್ತು. ಉಳಿದದ್ದು ಅವರ ಮೊಬೈಲು. ಅದನ್ನೇ ಹಿಡಿದುಕೊಂಡು ಎದ್ದರು ನೋಡಿ! ಗೋಡೆಗೋಡೆಗೆ ಕಾಗದ ಅಂಟಿಸಿದರು: ನೀರಿನಲ್ಲಿ ನಡೆದವರಿಗೆ ಜ್ವರ ಬಂದರೆ ಈ ನಂಬರಿಗೆ ಒಂದು ಮಿಸ್ ಕಾಲ್ ಕೊಡಿ, ನಾನೇ ವಾಪಸ್ ಮಾಡುತ್ತೇನೆ. ನಮ್ಮ ಜನಕ್ಕೆ ಮಿಸ್ ಕಾಲ್ ಹೊಸತೇ? ರೈಲು ಬಂತು ಎನ್ನಲಿಕ್ಕೂ ಅನ್ನಕ್ಕಿಡು ಎನ್ನಲಿಕ್ಕೂ ಆಗ ಮಿಸ್ ಕಾಲೇ. ಡಾಕ್ಟರು ವಾಪಸ್ ಫೋನ್ ಮಾಡಿ ಜ್ವರ ಉಂಟಾ, ಮೀನಖಂಡ ನೋಯ್ತದಾ, ಕಣ್ಣು ಕೆಂಪಾ ಎಂದು ಕೇಳುತ್ತಿದ್ದರು. ಅವರ ಮಗಳು ಖಾರಘರದ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದಳು. ಅಪ್ಪ ಫೋನಿನಲ್ಲಿ ಗಲ್ಲಿಗಳ ಹೆಸರು ಹೇಳುವುದು, ಅವಳು ಕಂಪ್ಯೂಟರಿನ ನಕ್ಷೆಯ ಮೇಲೆ ಕೆಂಪು ಚುಕ್ಕೆ ಇಡುವುದು. ಚುಕ್ಕೆ ಹೆಚ್ಚಾದ ಕಡೆಗೆ ಡಾಕ್ಟರು ಮುನಿಸಿಪಾಲಿಟಿಯವರನ್ನು ಎಳೆದುಕೊಂಡು ಹೋಗಿ ಮಾತ್ರೆ ಹಂಚಿಸುತ್ತಿದ್ದರು.

ಇತ್ತ ನಮ್ಮ ಮನೆಯಲ್ಲಿ ಇವರು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯತೊಡಗಿದ್ದರು. ಮೈ ಮುಟ್ಟಲಿಕ್ಕೂ ಬಿಡುತ್ತಿರಲಿಲ್ಲ. ಕೇಳಿದರೆ ಸಿಡಿಮಿಡಿ. "ಸುಸ್ತು ಮಾರಾಯ್ತಿ. ಕೌಂಟರಿನಲ್ಲಿ ಕೂತವನಿಗೇ ಜ್ವರ ಅಂತ ಗೊತ್ತಾದ್ರೆ ಹೋಟೆಲಿಗೆ ಯಾರು ಬರ್ತಾರೆ?" ಮನೆಗಿದ್ದ ಒಂದೇ ಫೋನು ಇವರ ಅಂಗಿಯ ಕಿಸೆಯಲ್ಲಿ. ನನ್ನ ಗಂಡನದ್ದಷ್ಟೇ ಹಟವಲ್ಲ ಅದು. ನೆರೆಯ ನಂತರ ಹೋಟೆಲುಗಳು ಆಗಷ್ಟೇ ತೆರೆದಿದ್ದವು. ಅಡುಗೆಯವರು, ಸಪ್ಲೈಯರುಗಳು, ಎಲ್ಲರೂ ಗುಳಿಗೆ ನುಂಗಿ ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆರೆದರೆ ಡಾಕ್ಟರು. ಕೈಯಲ್ಲಿ ಮಗಳು ಪ್ರಿಂಟ್ ತೆಗೆದುಕೊಟ್ಟ, ಮಡಚಿ ಮುದ್ದೆಯಾದ ನಕ್ಷೆ. ಸುತ್ತಲೂ ಕೆಂಪು ಚುಕ್ಕೆ, ನಡುವೆ ನಮ್ಮ ಬಿಲ್ಡಿಂಗಿನ ಜಾಗ ಮಾತ್ರ ಬೆಳ್ಳಗೆ.

"ನೀರಲ್ಲಿ ನಡೆದವರು ಇಲ್ಲೇ ಜಾಸ್ತಿ. ನಿಮ್ಮ ಬಿಲ್ಡಿಂಗಿನಿಂದ ಒಂದೂ ಮಿಸ್ ಕಾಲ್ ಇಲ್ಲ. ನೀವೆಂತ, ಇಲಿಗಳಿಗೆ ನೆಂಟರಾ?" ಎನ್ನುತ್ತಾ ಚಪ್ಪಲಿ ಸಮೇತ ಒಳಗೆ ನುಗ್ಗಿದರು.

ಇವರು ಅಂಗಿ ಹಾಕಿಕೊಂಡು ಹೊರಡುವವರು. ಡಾಕ್ಟರು ಕೇಳಲಿಲ್ಲ, ಬಗ್ಗಿ ಮೀನಖಂಡವನ್ನು ಒತ್ತಿದರು. ಇವರು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹೊರಗೆ ಬಂದರು. ಡಾಕ್ಟರು ಕಣ್ಣ ರೆಪ್ಪೆ ಎಳೆದು ನೋಡಿ, "ಮೂತ್ರ ಸರಿಯಾಗಿ ಹೋಗ್ತದಾ?" ಎಂದರು. ಇವರು ಇಲ್ಲವೆಂದು ತಲೆಯಾಡಿಸಿದರು. ಅದುವರೆಗೆ ಬೈಯುತ್ತಿದ್ದ ಮನುಷ್ಯ ಬೈಗುಳ ಬಿಟ್ಟು ರಿಕ್ಷಾ ಕರೆಯಲಿಕ್ಕೆ ಓಡಿದರು ನೋಡಿ, ಆಗ ನನಗೆ ಗೊತ್ತಾಯಿತು.

ಠಾಣೆಯ ಆಸ್ಪತ್ರೆಗೆಂದು ರಿಕ್ಷಾದಲ್ಲಿ ಹೊರಟೆವು. ಇವರು ನಡುವೆ, ಆಚೆ ಈಚೆ ನಾವಿಬ್ಬರು. ರಸ್ತೆಯೆಲ್ಲ ಹೊಂಡ, ಒಂದೊಂದು ಹೊಂಡಕ್ಕೂ ಇವರು ನರಳುತ್ತಿದ್ದರು. ಡಾಕ್ಟರು ಒಂದು ಕೈಯಲ್ಲಿ ಇವರ ನಾಡಿ ಹಿಡಿದು, ಇನ್ನೊಂದರಲ್ಲಿ ಆಸ್ಪತ್ರೆ ಆಸ್ಪತ್ರೆಗೆ ಫೋನು. ಎಲ್ಲ ಕಡೆ ಹಾಸಿಗೆ ಭರ್ತಿ. ಕೊನೆಗೆ ಒಂದು ಕಡೆ ಕಿಡ್ನಿ ಕೈಕೊಟ್ಟವರ ರಕ್ತ ಶುದ್ಧ ಮಾಡುವ ಯಂತ್ರ ಸಂಜೆಗೆ ಬಿಡುವಾಗುತ್ತದೆ ಎಂದರು. ಸಂಜೆಯವರೆಗೆ ಇವರು ಇರಬೇಕಲ್ಲ ದೇವರೇ... ಆ ನಡುವೆಯೂ ಡಾಕ್ಟರ ಫೋನು ಒಂದು ಸಲ ರಿಂಗಾಗಿ ನಿಲ್ಲುವುದು, ಅವರು ಆ ನಂಬರಿಗೆ ತಿರುಗಿ ಫೋನ್ ಮಾಡಿ "ತಾಪ್ ಆಹೇ ಕಾ?" ಎಂದು ಜ್ವರದ ವಿಚಾರವನ್ನೇ ಮರಾಠಿಯಲ್ಲಿ ಕೇಳುವುದು. ನನಗೆ ತಡೆಯಲಾಗಲಿಲ್ಲ.

"ಇಲ್ಲಿ ನನ್ನ ಗಂಡ ಸಾಯ್ತಿದ್ದಾರೆ, ಆ ಫೋನ್ ಇಡಿ ಡಾಕ್ಟ್ರೇ!" ಎಂದು ಕಿರುಚಿದೆ.

ಅವರು ನನ್ನ ಕಡೆ ತಿರುಗಲೂ ಇಲ್ಲ. "ಅಲ್ಲಿಯೂ ಯಾರದ್ದೋ ಗಂಡನೇ ಮಾರಾಯ್ತಿ" ಎಂದು ಮತ್ತೊಂದು ನಂಬರು ಒತ್ತಿದರು.

ಆಸ್ಪತ್ರೆಯಲ್ಲಿ ಇವರ ಫೋನು ಮೊದಲ ಸಲ ನನ್ನ ಕೈಗೆ ಬಂತು. "ಹೆದರಿಕೆ ಆದ್ರೆ ನೀವೂ ಒಂದು ಮಿಸ್ ಕಾಲ್ ಕೊಡಿ" ಎಂದು ಹೇಳಿ ಡಾಕ್ಟರು ನಮ್ಮ ಬಿಲ್ಡಿಂಗಿಗೇ ಓಡಿದರು. ಉಳಿದ ಮನೆಗಳ ಬಾಗಿಲು ಬಡಿಯಲಿಕ್ಕಿತ್ತಲ್ಲ. ನಾನು ಗಾಜಿನ ಆಚೆಯಿಂದ ನೋಡುತ್ತಾ ಕೂತೆ. ಇವರ ರಕ್ತ ನಳಿಗೆಯಲ್ಲಿ ಯಂತ್ರಕ್ಕೆ ಹೋಗಿ ತಿರುಗಿ ಬರುತ್ತಿತ್ತು. ದಿನಕ್ಕೆ ಅದೆಷ್ಟು ಸಲ ಮಿಸ್ ಕಾಲ್ ಕೊಟ್ಟೆನೋ, ಅಷ್ಟು ಸಲವೂ ಆ ಒರಟು ದನಿ ಬಂತು. ಒಮ್ಮೆಯೂ "ಮತ್ತೆ ಎಂತ?" ಎನ್ನಲಿಲ್ಲ. "ಜ್ವರ ಉಂಟಾ?" ಎಂದೇ ಶುರು. ಆ ಒಂದು ಮಾತು ಕೇಳಲಿಕ್ಕಾಗಿಯೇ ನಾನು ಫೋನು ಒತ್ತುತ್ತಿದ್ದೆ. ಕಡೆಗೊಂದು ದಿನ ಇವರು ಕಣ್ಣು ಬಿಟ್ಟು ಚಹಾ ಕೇಳಿದರು. ಡಾಕ್ಟರಿಗೆ ಹೇಳಹೊರಟರೆ ಅಳುವೇ ಬಂತು. ಆಚೆಯಿಂದ ಬೈಗುಳವೂ ಬಂತು, "ಚಹಾ ಕೊಡಬೇಡಿ" ಅಂತ.

ನಮ್ಮ ಬಿಲ್ಡಿಂಗಿನಿಂದ ಇನ್ನೂ ಕೆಲವರನ್ನು ಅವರು ಹಾಗೆಯೇ ಹೊರಗೆಳೆದರು. ಒಬ್ಬ ಅಡುಗೆಯವ ಮಾತ್ರ ಉಳಿಯಲಿಲ್ಲ. ಡಾಕ್ಟರು ಆ ನಕ್ಷೆಯನ್ನು ಬಹಳ ದಿನ ಕಿಸೆಯಲ್ಲೇ ಇಟ್ಟುಕೊಂಡಿದ್ದರು.

ಕೆಲವು ವರ್ಷಗಳಾದ ಮೇಲೆ ಡಾಕ್ಟರೇ ಹೋದರು. ಇಲಿಜ್ವರ ಅಲ್ಲ, ಎದೆನೋವು. ಮಧ್ಯಾಹ್ನ ದವಾಖಾನೆಯ ಕುರ್ಚಿಯಲ್ಲಿ ಕೂತಲ್ಲೇ, ಎದುರಿಗೆ ಫೋನಿತ್ತಂತೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತು ಎನ್ನುತ್ತಾರಲ್ಲ, ಹಾಗೆ. ನಮಗೊಂದು ಮಿಸ್ ಕಾಲ್ ಕೊಟ್ಟಿದ್ದರೆ ಇಡೀ ಬಿಲ್ಡಿಂಗು ಓಡಿ ಬರುತ್ತಿರಲಿಲ್ಲವೇ? ಇವತ್ತಿಗೂ ನನಗೆ ಆ ಸಿಟ್ಟು ಇಳಿದಿಲ್ಲ.

ಫೋನುಗಳು ಬದಲಾದರೂ ಆ ನಂಬರನ್ನು ನಾನು ಅಳಿಸಿಲ್ಲ. ಇವತ್ತು ಬೆಳಿಗ್ಗೆ ಆ ವಾಸನೆಯಲ್ಲಿ ಕೂತವಳಿಗೆ ಏನನ್ನಿಸಿತೋ, ಒತ್ತಿದೆ. ರಿಂಗಾಯಿತು! ಗಾಬರಿಯಾಗಿ ಕಟ್ ಮಾಡಿದೆ. ಕೂಡಲೇ ಫೋನು ಬಂತು. ನಂಬರು ಬೇರೆಯವರ ಪಾಲಾಗಿತ್ತು, ಯಾರೋ ಹುಡುಗನ ದನಿ.

"ಹಲೋ, ಆಪ್ ಕಾ ಮಿಸ್ ಕಾಲ್ ಥಾ. ಸಬ್ ಠೀಕ್ ಹೈ ನಾ?"

ಎಲ್ಲ ಸರಿ ಉಂಟಲ್ಲ ಎಂದು ಕೇಳುವವನಿಗೆ ರಾಂಗ್ ನಂಬರ್ ಎನ್ನಬೇಕಿತ್ತು. ಹೊರಗಿನ ಕೋಣೆಯಲ್ಲಿ ಇವರು ಪೇಪರು ಮಡಚಿ ಇನ್ನೊಂದು ಚಹಾ ಕೇಳುತ್ತಿದ್ದರು.

"ಇಲ್ಲ ಡಾಕ್ಟ್ರೇ" ಎಂದೆ, "ಜ್ವರ ಇಲ್ಲ."