ಸುರಪುರದಾಕೆಯ ಟಂಟಂ

ನನ್ನ ಕೆಲಸ ಏನೆಂದು ಶಹಾಪುರದಲ್ಲಿ ಯಾರಾದರೂ ಕೇಳಿದರೆ ನನಗಿಂತ ಮೊದಲು ನಮ್ಮ ಅತ್ತೆಯವರೇ ಉತ್ತರ ಕೊಟ್ಟುಬಿಡುತ್ತಾರೆ: "ದಿನಾ ಆಟ ಆಡ್ಕೋತ ಕೂಡ್ತಾಳ್ರಿ. ಬ್ಯಾಸರಾದ್ರ ಕತಿ ಬರೀತಾಳ."

ಪೂರ್ತಿ ಸುಳ್ಳೇನಲ್ಲ. ಹೈದರಾಬಾದಿನ, ಪುಣೆಯ ಕಂಪನಿಗಳು ಮೊಬೈಲ್ ಆಟ ಮಾಡುವಾಗ ಅವುಗಳ ಹಂತಗಳನ್ನು ಮನೆಯಲ್ಲೇ ಕೂತು ಕಟ್ಟಿಕೊಡುವ ಬಿಡಿ ಕೆಲಸ ನನ್ನದು. ಆಡುವವನು ಎಲ್ಲಿ ಸೋಲಬೇಕು, ಸಿಟ್ಟಿಗೆದ್ದು ಫೋನು ಬಿಸಾಡುವ ಮೊದಲು ಎಲ್ಲಿ ಗೆಲ್ಲಬೇಕು ಎಂದು ಯೋಚಿಸುವುದು. ಆ ಕೆಲಸ ಬಾರದ ದಿನಗಳಲ್ಲಿ ರಟ್ಟು, ಕಾರ್ಡು, ಕಾಯಿಗಳನ್ನಿಟ್ಟುಕೊಂಡು ನನ್ನವೇ ಆಟ ಕಟ್ಟುತ್ತೇನೆ, ಕಾದಂಬರಿ ಬರೆಯುತ್ತೇನೆ. ಎರಡು ಕಾದಂಬರಿ ಅಚ್ಚಾಗಿವೆ. ಎರಡನೆಯದು ನಮ್ಮ ಮನೆಯವರ ದಿಂಬಿನ ಪಕ್ಕದಲ್ಲಿ, ಆರಂಭದ ಪುಟಗಳಲ್ಲೇ ಬಸ್ ಟಿಕೀಟು ಸಿಕ್ಕಿಸಿಕೊಂಡು, ಕಳೆದ ವರ್ಷದಿಂದ ಮಲಗಿದೆ.

ನಮ್ಮ ಮನೆಯವರು ಯಾದಗಿರಿಯ ಒಂದು ಕಚೇರಿಯಲ್ಲಿ ಗುಮಾಸ್ತರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಒಳ್ಳೆಯ ಮನುಷ್ಯ, ಅದರಲ್ಲಿ ತಕರಾರಿಲ್ಲ. ನಾನು ಹೊಸ ಆಟ ಹಾಸಿದಾಗ ಕರೆದರೆ ಬಂದು ಕೂಡುತ್ತಾರೆ. ಒಂದಾಟ ಆಡುತ್ತಾರೆ. "ಛಲೋ ಅದ" ಎಂದು ಎದ್ದು ಹೋಗುತ್ತಾರೆ. ಆಟ ಕಟ್ಟುವವರಿಗೆ ಹೊಗಳಿಕೆಯ ಮಾತು ಯಾವ ಉಪಯೋಗಕ್ಕೂ ಬರುವುದಿಲ್ಲ. ನಮಗೆ ಬೇಕಾದದ್ದು "ಇನ್ನೊಂದಾಟ ಆಡೋಣು" ಎಂಬ ಮಾತು. ಮದುವೆಯಾದಾಗಿನಿಂದ ನಾನು ಅವರ ಬಾಯಿಂದ ಅದನ್ನು ಕೇಳಲು ಕಾದಿದ್ದೆ. ಒಂದು ಸಲವೂ ಬಂದಿರಲಿಲ್ಲ.

ಇನ್ನು ಸುರಪುರದಾಕೆ. ಕಾಲೇಜಿನಲ್ಲಿ ನನ್ನ ಜೊತೆ ಓದಿದವಳು. ಈಗ ಸುರಪುರದಲ್ಲಿ ಶಾಲೆಯ ಮಾಸ್ತರಿಣಿ, ಗುಡ್ಡದ ಬುಡದಲ್ಲೊಂದು ಬಾಡಿಗೆ ಕೋಣೆ, ಒಬ್ಬಳೇ ಇರುತ್ತಾಳೆ. ಅವಳೂ ಆಟ ಕಟ್ಟುತ್ತಾಳೆ, ಅವಳೂ ಕಾದಂಬರಿ ಬರೆದಿದ್ದಾಳೆ. ಬರೆದದ್ದು ಒಂದೇ. ಆ ಒಂದನ್ನು ನಮ್ಮ ಮನೆಯವರು ಒಂದು ಭಾನುವಾರ ಕೈಗೆತ್ತಿಕೊಂಡವರು, ರೊಟ್ಟಿ ಆರಿ ಹೋಗುತ್ತಿದೆ ಎಂದು ನಾನು ಕೂಗಿಕೊಂಡರೂ ಏಳದೆ, ಸಂಜೆಯೊಳಗೆ ಮುಗಿಸಿದರು. ಮುಗಿಸಿ ನನ್ನ ಕಡೆ ತಿರುಗಿ, "ಈಕಿ ಭಾಳ ಚಂದ ಬರೀತಾಳಲ್ಲ!" ಎಂದರು. ಎಷ್ಟೊಂದು ಮಂದಿ ಇದ್ದಾರೆ ಲೋಕದಲ್ಲಿ, ಆ ಮಾತು ಹೇಳಲು ನಾನೇ ಬೇಕಿತ್ತೇ?

ಹೊಟ್ಟೆಕಿಚ್ಚು ಅಂದಿನಿಂದ ಶುರುವಾದದ್ದಲ್ಲ. ಅವಳ ಕೋಣೆಯನ್ನು ನೆನೆದರೂ ನನಗೆ ಸಂಕಟ. ಶಾಲೆ ಮುಗಿಸಿ ಬಂದು ಬಾಗಿಲು ಹಾಕಿಕೊಂಡರೆ ಚಹಾ ಕೇಳುವವರಿಲ್ಲ, ಹಾಲಿನವನಿಗೆ ಪಾತ್ರೆ ಹಿಡಿಯೆನ್ನುವವರಿಲ್ಲ. ನಾನು ಒಂದು ಅಧ್ಯಾಯ ಮುಗಿಸಬೇಕಾದರೆ ನಡುವೆ ಕುಕ್ಕರಿನ ಸೀಟಿ, ಅತ್ತೆಯವರ ಗುಳಿಗೆ, ಗಂಟೆ ಬಾರಿಸುವ ನೆಂಟರು. ಅವಳಿಗೆ ಬಿಡುವಿದೆ, ಅದಕ್ಕೇ ಚಂದ ಬರೆಯುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಇಷ್ಟಿದ್ದೂ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಿತ್ತು. ಅವಳ ಆಟವನ್ನು ನಾನು ಇಲ್ಲಿ ಮಂದಿಯಿಂದ ಆಡಿಸಿ ನೋಡಬೇಕು, ನನ್ನದನ್ನು ಅವಳು ಅಲ್ಲಿ ಆಡಿಸಬೇಕು. ಕಟ್ಟಿದವರು ಯಾರೆಂದು ಆಡುವವರಿಗೆ ಮೊದಲೇ ಹೇಳಬಾರದು, ಹೇಳಿದರೆ ಮುಲಾಜಿಗೆ ಬಿದ್ದು ಹೊಗಳುತ್ತಾರೆ. ಆಡಿಸುವವರು ಆಟ ಮುಗಿಯುವವರೆಗೆ ಬಾಯಿ ಬಿಡಬಾರದು. ಆಮೇಲೆ ಕಂಡದ್ದನ್ನು ಕಂಡಂತೆ ಫೋನಿನಲ್ಲಿ ಹೇಳಬೇಕು. ಅವಳು ಬಹಳ ಚೊಕ್ಕವಾಗಿ ಹೇಳುತ್ತಿದ್ದಳು: "ನಾಕು ಮಂದಿ ಕೂತಿದ್ರು. ಒಬ್ಬರಿಗೆ ನೀರು ಹಂಚೋದು ತಿಳೀಲಿಲ್ಲ. ಒಬ್ಬರು ನಡುವ ಬ್ಯಾಸರಾದ್ರು." ಅಷ್ಟು ಗಮನ ಕೊಟ್ಟು ಆಡುವ ನಾಲ್ಕು ಮಂದಿ ಅವಳಿಗೆಲ್ಲಿ ಸಿಕ್ಕರು ಎಂದು ಅದಕ್ಕೂ ಉರಿದುಕೊಳ್ಳುತ್ತಿದ್ದೆ.

ನೀರು ಹಂಚುವುದು ಎಂದದ್ದು ನನ್ನ ಆಟದ ಮಾತು. ಹತ್ತಿಕುಣಿಯ ಕೆರೆಗೆ ನಾನೇ ಹೋಗಿ, ತೂಬು, ಕಾಲುವೆ ಎಲ್ಲಾ ನೋಡಿ, ತಿಂಗಳುಗಟ್ಟಲೆ ತಿದ್ದಿ ಕಟ್ಟಿದ ಆಟ. ಅದನ್ನು ಸುರಪುರಕ್ಕೆ ಕಳಿಸಿದೆ. ಅತ್ತಲಿಂದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಮಿಠಾಯಿ ಡಬ್ಬಿ ಬಂತು. ಒಳಗೆ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಹಿಂದಿನ ಬಿಳಿ ಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಗೀಚಿದ ಕಾರ್ಡುಗಳು. ಎಲ್ಲರ ಮುಂದೆ ಹಳ್ಳಿಗಳಿಗೆ ಮಂದಿ ತುಂಬಿಕೊಂಡು ಓಡುವ ಟಂಟಂ ಆಟೋದ ಒಂದೊಂದು ಚಿತ್ರ. ಕಾರ್ಡು ಎತ್ತಿದಂತೆ ಪ್ರಯಾಣಿಕರು ಬರುತ್ತಾರೆ: ಮೆಣಸಿನಕಾಯಿ ಚೀಲದವನು, ಆಡು ಹಿಡಿದವಳು, ಬೀಗರ ಪಕ್ಕ ಕೂಡಲೊಲ್ಲದ ಮುದುಕ. ಕೊಡೇಕಲ್ಲಿಗೆ ಹೊರಟವರನ್ನು ಹೇಗಾದರೂ ತುರುಕಿಕೊಂಡು ಮೊದಲು ಗಾಡಿ ತುಂಬಿಸಿದವರು ಗೆದ್ದಂತೆ. ಜಾಗವಿಲ್ಲದಿದ್ದರೆ ಪಕ್ಕದ ಗಾಡಿಯವರ ಜೊತೆ ಚೌಕಾಸಿ ಮಾಡಿ ದಾಟಿಸಬಹುದು. ಇಷ್ಟೇ ಆಟ. ನಿಯಮಗಳನ್ನು ಓದಿ ನನಗೆ ಖುಷಿಯೇ ಆಯಿತು. ಇಂಥದ್ದನ್ನು ಯಾರು ಆಡುತ್ತಾರೆ ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ಹಾಸಿದೆ. ಅತ್ತೆಯವರು, ನಮ್ಮ ಮನೆಯವರು, ಪಕ್ಕದ ಮನೆಯಿಂದ ನಾವು ಖಾಲಾ ಎಂದು ಕರೆಯುವ ಹಿರಿಯಾಕೆ. ನಾನು ಸ್ಟೂಲು ಹಾಕಿಕೊಂಡು ಗೋಡೆಗೊರಗಿ ಕೂತೆ.

ಆಟ ಅರ್ಧಕ್ಕೆ ಬರುವಷ್ಟರಲ್ಲಿ ಖಾಲಾ ಆಡಿನ ಕಾರ್ಡು ಎತ್ತಿ ಹಿಡಿದು, "ಮೇರೆ ಬಕರೀ ಕೂ ಜಗಾ ದೇವ್ ಜೀ!" ಎಂದು ಕೂಗುತ್ತಿದ್ದರು. "ನಿನ್ನ ಆಡಿಗೆ ಜಾಗ ಕೊಟ್ರ ನಮ್ಮ ಮುದುಕ ಎಲ್ಲಿ ಕೂಡ್ಬೇಕ?" ಎಂದು ಅತ್ತೆಯವರು ಗದರಿಸಿದರು. ನಮ್ಮ ಮನೆಯವರು ನಿಜವಾದ ಟಂಟಂ ಡ್ರೈವರನ ಹಾಗೆ "ಸರೀರಿ, ಸರೀರಿ, ಇನ್ನೊಂದ್ ಸೀಟ್ ಅದ" ಎನ್ನುತ್ತಾ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಆ ನಗುವನ್ನು ನಾನು ನನ್ನ ಯಾವ ಆಟದ ಮುಂದೂ ನೋಡಿರಲಿಲ್ಲ. ಆಟ ಮುಗಿದದ್ದೇ ತಡ, ತಾವೇ ಕಾರ್ಡು ಒಟ್ಟುಗೂಡಿಸಿ ಕಲೆಸುತ್ತಾ ಅಂದರು: "ಇನ್ನೊಂದಾಟ ಆಡೋಣು."

ಅದೇ ಮಾತು. ಗೀಚಿದ ಲಗ್ನಪತ್ರಿಕೆಗೆ. ನನಗೆ ಆ ಡಬ್ಬಿಯನ್ನು ಒಲೆಗೆ ಹಾಕಬೇಕೆನ್ನಿಸಿತು. ಒಪ್ಪಂದದ ಪ್ರಕಾರ ಬಾಯಿ ಬಿಡುವಂತಿರಲಿಲ್ಲ. ಅವರು ಮತ್ತೊಂದಾಟ ಆಡಿದರು, ಮಗದೊಂದು ಆಡಿದರು. ಖಾಲಾ ಕಣ್ಣೊರೆಸಿಕೊಳ್ಳುತ್ತಾ ಮನೆಗೆ ಹೋದರು.

ಆಮೇಲೆ ನಮ್ಮ ಮನೆಯವರು, ನಾನು ಕೇಳದೆಯೇ, ಅಡುಗೆಮನೆಗೆ ಹೋಗಿ ಚಹಾ ಮಾಡಿ ತಂದು ನನ್ನ ಕೈಗೆ ಕೊಟ್ಟರು. ಎದುರಿಗೇ ಕೂತು ನನ್ನನ್ನು ನೋಡಿದರು. ಹೊಸದಾಗಿ ಯಾರನ್ನೋ ನೋಡಿದ ಹಾಗೆ, ಕಣ್ತುಂಬ, ಹೆಮ್ಮೆಯಿಂದ.

"ಹೆಂಗ ಹೊಳೀತು ನಿನಗ ಇದು? ಇಷ್ಟು ದಿನ ಕಟ್ಟಿದ್ರಾಗ ಇದಕ್ಕ ಸಮ ಇಲ್ಲ ನೋಡು. ನಾಳಿ ಆಫೀಸಿಗೆ ಒಯ್ತೀನಿ. ನನ್ನ ಹೆಂಡ್ತಿ ಕಟ್ಯಾಳ ಅಂತ ಎಲ್ಲಾರಿಗೂ ತೋರಸ್ತೀನಿ."

ಕಚೇರಿಯಲ್ಲಿ ಯಾರಾದರೂ ನನ್ನ ಬಗ್ಗೆ ಕೇಳಿದರೆ ಈ ಮನುಷ್ಯ ಇದುವರೆಗೆ ಹೇಳುತ್ತಿದ್ದದ್ದು "ಮನ್ಯಾಗ ಇರ್ತಾಳ" ಎಂದಷ್ಟೇ. ನಾನು ಚಹಾ ಕುಡಿದೆ. ನಿಧಾನವಾಗಿಯೇ ಕುಡಿದೆ. ಲೋಟ ಖಾಲಿಯಾದ ಮೇಲೆ ಹೇಳಿದೆ.

"ಅದು ನಂದಲ್ರಿ. ಸುರಪುರದಾಕಿದು."

"ಹೌದಾ?" ಎಂದರು. ಕಣ್ಣು ನನ್ನ ಮೇಲಿಂದ ಡಬ್ಬಿಯ ಕಡೆ ಹೋಯಿತು. ಆಮೇಲೆ ನನ್ನ ಮನಸ್ಸಿಗೆ ನೋವಾಗಬಾರದೆಂದು, "ನಿನ್ವೂ ಛಲೋ ಇರ್ತಾವ ತಗೋ" ಎಂದರು. ಸ್ವಲ್ಪ ತಡೆದು ಕೇಳಿದರು: "ಒಯ್ಲೇನು ನಾಳಿ? ಆಕಿ ಏನರ ಅಂತಾಳೇನು?"

ಒಯ್ಯಿರಿ ಎಂದೆ.

ಮರುದಿನ ಅವರು ಡಬ್ಬಿ ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿದ ಮೇಲೆ, ಅವಳ ಶಾಲೆ ಶುರುವಾಗುವ ಮೊದಲು ಫೋನು ಹಚ್ಚಿದೆ. ಮೂರು ಮಂದಿ ಕೂಗಾಡಿಕೊಂಡು ಆಡಿದರು, ಇನ್ನೊಂದಾಟ ಕೇಳಿದರು ಎಂದು ಬೇಗ ಹೇಳಿ ಮುಗಿಸಲು ನೋಡಿದೆ. ಅವಳು ಬಿಡಲಿಲ್ಲ.

"ಖರೇ ಕೂಗ್ಯಾಡಿದ್ರೇನವಾ? ಆಡುವಾಗ ಹೆಂಗ ಕೇಳಸ್ತದ ಅದು?" ಎಂದಳು.

"ಯಾಕ, ನೀ ಕೇಳಿಲ್ಲೇನು? ನಿನ್ನ ನಾಕು ಮಂದಿ ಆಡಿಲ್ಲೇನು?"

"ಯಾವ ನಾಕು ಮಂದಿ? ಕೋಣ್ಯಾಗ ನಾನೊಬ್ಬಾಕಿ. ನಾಕೂ ಕಡೆ ನಾನ ಎದ್ದೆದ್ದು ಕೂತು ಆಡ್ತೀನಿ. ನಿನ್ನ ಕೆರಿ ಆಟಾನೂ ಹಂಗ ಆಡೀನಿ. ಸಾಲ್ಯಾಗ ಹೇಳಿದ್ರ ನಗ್ತಾರ. ಸಣ್ಣ ಹುಡುಗಿ ಏನು ನಾನು, ಬರ್ರಿ ಆಡೋಣು ಅಂತ ಮಂದೀನ ಕರೀಲಿಕ್ಕ?" ದನಿ ತಗ್ಗಿಸಿ, "ನಿನಗ ಕೂತು ಆಡೋರು ಇದ್ದಾರ. ನನಗ ಭಾಳ ಹೊಟ್ಟಿ ಉರೀತದ, ಖರೇ ಹೇಳ್ತೀನಿ," ಎಂದಳು.

ನಾಲ್ಕು ಜನ ತುಂಬಿಕೊಂಡು ಜಗಳಾಡಬೇಕಾದ ಆಟವನ್ನು ಅವಳು ಸದ್ದಿಲ್ಲದ ಕೋಣೆಯಲ್ಲಿ ಕಟ್ಟಿದ್ದಳು. ನಾನು ಕುರ್ಚಿ ಎಳೆದುಕೊಂಡು ಕೂತು ಮೊದಲಿನಿಂದ ಹೇಳತೊಡಗಿದೆ. ಖಾಲಾ ಆಡಿಗಾಗಿ ಕೂಗಿದ್ದನ್ನು ಅವರದೇ ದನಿಯಲ್ಲಿ ಮಾಡಿ ತೋರಿಸಿದೆ. ಅತ್ತೆಯವರು ಮುದುಕನ ಕಾರ್ಡನ್ನು ಸೆರಗಿನಲ್ಲಿ ಬಚ್ಚಿಟ್ಟದ್ದನ್ನು, ನಮ್ಮ ಮನೆಯವರು ಡ್ರೈವರನಂತೆ ಕೈ ಬಡಿದದ್ದನ್ನು, ನಕ್ಕು ನಕ್ಕು ಕಣ್ಣೊರೆಸಿಕೊಂಡದ್ದನ್ನು ಹೇಳಿದೆ. ಅವಳು ಮತ್ತೆ ಮತ್ತೆ ಕೇಳಿ ಹೇಳಿಸಿಕೊಂಡಳು. ಎಲ್ಲಾ ಅವಳದೇ, ಎಲ್ಲಾ ಕೊಟ್ಟುಬಿಟ್ಟೆ.

ಆಟ ನನ್ನದೇ ಎಂದು ತಿಳಿದು, ಚಹಾ ಕೈಗಿತ್ತು, ಅವರು ನನ್ನನ್ನು ನೋಡಿದ್ದರಲ್ಲ, ಅದೊಂದನ್ನು ಮಾತ್ರ ಹೇಳಲಿಲ್ಲ. ಅದೂ ನ್ಯಾಯವಾಗಿ ಅವಳಿಗೇ ಸೇರಬೇಕಾದದ್ದು. ಆದರೂ ಕೊಡಲಿಲ್ಲ.